ಜರ್ಮನ್ ಬೆಳ್ಳಿ ಮತ್ತು ಸಣ್ಣಾಕೆಯ ಕೈಗಳು

ಈ ಭಾಗವನ್ನು ಬರೆಯದೆ ತಪ್ಪಿಸಿಕೊಳ್ಳಲು ನಾನು ಹುಡುಕಿದ ನೆಪಗಳು ಒಂದೆರಡಲ್ಲ. ಅಪ್ಪನ ಬಗ್ಗೆ ಬರೆದೆ, ಕುಲುಮೆಯ ಬಗ್ಗೆ ಬರೆದೆ, ಹೈಸ್ಕೂಲು ಮುಗಿಸಿ ಮುಂದೆ ಓದದೆ ಸುತ್ತಿಗೆ ಹಿಡಿದದ್ದನ್ನೂ ಬರೆದೆ. ಈ ಹಾಳೆಗೆ ಬಂದಾಗಲೆಲ್ಲ ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ಪೆನ್ನು ಸರಿಯಿಲ್ಲ ಎನ್ನುತ್ತಿದ್ದೆ, ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದೆ. ನಿಜವಾದ ಕಾರಣ ಬೇರೆಯೇ ಇತ್ತು. ನಾನು ಬರೆದದ್ದನ್ನು ಮೊದಲು ಓದುವವನು ಕೊಟ್ರೇಶ. ಅವನು ನನ್ನ ತಮ್ಮ ಮೌನೇಶನ ಮಗ, ನಾನೂ ನನ್ನ ಹೆಂಡತಿಯೂ ಸಾಕಿದ ಹುಡುಗ. ಅವನು ನಮ್ಮಲ್ಲಿ ಯಾಕೆ ಬೆಳೆದ ಎಂಬುದಕ್ಕೆ ಅವನಿಗೆ ಗೊತ್ತಿರುವ ಕಾರಣ ಒಂದು, ನನಗೆ ಗೊತ್ತಿರುವ ಕಾರಣ ಇನ್ನೊಂದು. ಎಪ್ಪತ್ತು ದಾಟಿದ ಮೇಲೆ ಎರಡು ಕಾರಣಗಳನ್ನು ಹೊತ್ತುಕೊಂಡು ತಿರುಗಲು ಆಗುವುದಿಲ್ಲ. ಒಂದನ್ನು ಇಳಿಸಲೇಬೇಕು.

ಕೊಟ್ಟೂರಿನ ನಮ್ಮ ಮನೆ ಎಂದರೆ ಬೀದಿಗೆ ಕುಲುಮೆ, ಅದರ ಬೆನ್ನಿಗೆ ಮನೆ. ಕುಲುಮೆಯಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಎಡಕ್ಕೆ ಎರಡು ಸಣ್ಣ ಕೋಣೆ, ಒಳಗೆ ಅಡಿಗೆಮನೆ, ಅದರಾಚೆ ಬಚ್ಚಲು. ಮಣ್ಣಿನ ಮಾಳಿಗೆ. ನಡುವೆ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿಯುವ ಬಿಸಿಲಿನ ಚೌಕ ಎಲ್ಲಿಗೆ ಬಂತು ಎಂದು ನೋಡಿ ಅವ್ವ ರೊಟ್ಟಿಗೆ ಎಸರಿಡುತ್ತಿದ್ದಳು. ಇದ್ದಿಲ ಹೊಗೆ ಒಳಗೆ ಬರಬಾರದೆಂದು ಕುಲುಮೆಗೂ ಪಡಸಾಲೆಗೂ ನಡುವೆ ಹಳೆಯ ಸೀರೆ ಕಟ್ಟಿದ್ದಳು. ಹೊಗೆ ಬರುತ್ತಲೇ ಇತ್ತು, ಸೀರೆ ಮಾತ್ರ ವರ್ಷಕ್ಕೊಂದು ಕರ್ರಗಾಗುತ್ತಿತ್ತು. ಆ ಸೀರೆ ದಾಟಿ ಒಳಗೆ ಹೋಗುವ ಮುಂಚೆ ಕೈ ತೋರಿಸಬೇಕು. ಅದು ಅವ್ವನ ಕಟ್ಟಳೆ. ಮಗನಾಗಲಿ, ಗಂಡನಾಗಲಿ, ಅಂಗೈ ಮುಂಗೈ ಎರಡೂ ತಿರುಗಿಸಿ ತೋರಿಸಿದ ಮೇಲೆಯೇ ತಾಟು. ಉಗುರಿನ ಸಂದಿಯಲ್ಲಿ ಕಪ್ಪು ಕಂಡರೆ ಬೂದಿ ಹಚ್ಚಿ ತಿಕ್ಕಿಕೊಂಡು ಬಾ ಎನ್ನುತ್ತಿದ್ದಳು. ಲೋಹದವರ ಮನೆಯಲ್ಲಿ ಕೈ ಎಷ್ಟು ಕೊಳೆಯಾಗುತ್ತದೋ ಅಷ್ಟೇ ಮಡಿಯೂ ಆಗಿರಬೇಕು ಎಂಬುದು ಆಕೆಯ ನಂಬಿಕೆ. ಮನುಷ್ಯರನ್ನು ಆಕೆ ಮುಖ ನೋಡಿ ಅಳೆಯುತ್ತಿರಲಿಲ್ಲ, ಕೈ ನೋಡಿ ಅಳೆಯುತ್ತಿದ್ದಳು.

ಅಪ್ಪ ಲೋಹಗಳನ್ನು ಕಲಿಸಿದ್ದು ನಾಲಿಗೆಯ ಮೇಲೆ. ನನಗೆ ಏಳೆಂಟು ವರ್ಷವಿರಬೇಕು. ಕಣ್ಣು ಮುಚ್ಚಿಸಿ ಒಂದೊಂದೇ ಚೂರನ್ನು ನಾಲಿಗೆ ತುದಿಗೆ ಮುಟ್ಟಿಸುತ್ತಿದ್ದ. ತಾಮ್ರ ಒಗರು. ಹಿತ್ತಾಳೆ ಒಗರಿನ ಹಿಂದೆ ಹುಳಿ. ಬೆಳ್ಳಿಗೆ ರುಚಿಯೇ ಇಲ್ಲ, ತಣ್ಣನೆಯ ನೀರಿನ ಹಾಗೆ. ನಾಲ್ಕನೆಯದೊಂದು ಚೂರು ಇತ್ತು. ಕಣ್ಣು ಬಿಟ್ಟು ನೋಡಿದರೆ ಬೆಳ್ಳಿ, ನಾಲಿಗೆಗೆ ಮುಟ್ಟಿಸಿದರೆ ಹಿತ್ತಾಳೆಯ ಅಣ್ಣತಮ್ಮ.

“ಇದು ಜರ್ಮನ್ ಬೆಳ್ಳಿ,” ಎಂದ ಅಪ್ಪ. “ಹೆಸರಿಗೆ ಬೆಳ್ಳಿ. ಬೆಳ್ಳಿ ಒಂದು ಗುಂಜಿ ಇಲ್ಲ ಇದರಾಗ. ತಾಮ್ರ, ಸತು, ಮತ್ತ ನಿಕ್ಕಲ್ ಅಂತ ಒಂದು ಬರ್ತೈತಿ. ಅದ ಇದಕ್ಕ ಬಿಳೇ ಬಣ್ಣ ಕೊಡೋದು.”

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೂ ಜರ್ಮನ್ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಇದು ಹಿತ್ತಾಳೆಗಿಂತ ಗಟ್ಟಿ, ಬಡಿದಷ್ಟೂ ಸೆಟೆದುಕೊಳ್ಳುತ್ತದೆ. ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳದಿದ್ದರೆ ಬಿರುಕು ಬಿಡುತ್ತದೆ. ಮೆರುಗು ಕೊಟ್ಟ ಮೇಲೆ ಮಾತ್ರ ನೋಡಬೇಕು. ಹಾಲಿಗೆ ಒಂದು ಹನಿ ಬೆಲ್ಲದ ನೀರು ಬಿದ್ದರೆ ಯಾವ ಬಣ್ಣವೋ ಆ ಬಣ್ಣ.

ನಮ್ಮದು ಚಾಕು, ಚೂರಿ, ಅಡಕೊತ್ತಿನ ಮನೆ. ಅದರಲ್ಲೂ ಮದುಮಗನ ಚೂರಿಗೆ ಹೆಸರು. ನಮ್ಮ ಸೀಮೆಯಲ್ಲಿ ಮದುಮಗ ಅರಿಸಿಣ ಹಚ್ಚಿಸಿಕೊಂಡ ಗಳಿಗೆಯಿಂದ ಕೈಯಲ್ಲೊಂದು ಚೂರಿ ಹಿಡಿದಿರುತ್ತಾನೆ, ತುದಿಗೆ ನಿಂಬೆಹಣ್ಣು ಚುಚ್ಚಿಕೊಂಡು. ಅದು ಕೊಯ್ಯುವುದಕ್ಕಲ್ಲ, ದೃಷ್ಟಿ ತಾಗದಿರಲಿ ಎಂದು. ಅಲಗು ಮತ್ತು ಹಿಡಿ ಕೂಡುವಲ್ಲಿ ಒಂದು ಬಳೆ, ಹಿಡಿಯ ತುದಿಗೊಂದು ಟೊಪ್ಪಿಗೆ, ನಡುವೆ ಎರಡು ಮೊಳೆ. ಅಪ್ಪನ ಕಾಲದಲ್ಲಿ ಇವೆಲ್ಲ ಹಿತ್ತಾಳೆಯವು. ತೊಂಬತ್ತರ ದಶಕಕ್ಕೆ ಬಂದಾಗ ಹಳ್ಳಿಹಳ್ಳಿಯ ಮದುವೆಗೂ ಫೋಟೋದವರು ಬರತೊಡಗಿದರು. ಒಮ್ಮೆ ಕೂಡ್ಲಿಗಿ ಕಡೆಯ ಒಬ್ಬ ಗಿರಾಕಿ ಮಗನ ಮದುವೆಯ ಆಲ್ಬಂ ತಂದು ತೋರಿಸಿದ. ಬೆಳಕು ಬಿದ್ದ ಕಡೆ ಮದುಮಗಳ ಕಾಲುಂಗುರ ಕೂಡ ಮಿಂಚಿತ್ತು, ನಮ್ಮ ಚೂರಿಯ ಬಳೆ ಮಾತ್ರ ಅರಿಸಿಣದ ಕೈಯಲ್ಲಿ ಅರಿಸಿಣವಾಗಿ ಕಳೆದುಹೋಗಿತ್ತು. ಅವತ್ತೇ ನಾನು ಹುಬ್ಬಳ್ಳಿಗೆ ಹೋಗಿ ಜರ್ಮನ್ ಬೆಳ್ಳಿಯ ತಗಡು ತಂದೆ. ಅಪ್ಪ ಬೇಡವೆನ್ನಲಿಲ್ಲ.

“ಬೆಳ್ಳಿ ಅಂತ ಹೇಳಿ ಮಾರಬ್ಯಾಡ. ಜರ್ಮನ್ ಅಂತ ಹೇಳಿ ಮಾರು. ಆಮ್ಯಾಲೆ ನಿನ್ನಿಷ್ಟ,” ಎಂದ.

ಆ ಮಾತನ್ನು ಕೊನೆಯವರೆಗೂ ನಡೆಸಿದೆ. ಯಾವ ಗಿರಾಕಿಗೂ ನಾನು ಸುಳ್ಳು ಹೇಳಿದವನಲ್ಲ. ಸುಳ್ಳು ಹೇಳಿದ್ದು ಮನೆಯೊಳಗೆ, ಒಬ್ಬಳಿಗೆ.

ಅಪ್ಪ ಅಲಗು ಬಡಿಯುವುದು, ಮೌನೇಶ ಸಾಣೆ ಹಿಡಿಯುವುದು, ನಾನು ಬಳೆ ಟೊಪ್ಪಿಗೆ ಕೂರಿಸುವುದು. ಅವುಗಳಿಗೆ ಅರ ಹಾಕಿ, ಮರಳು ಕಾಗದದಿಂದ ತಿಕ್ಕಿ ಮೆರುಗು ತರುವುದು ಹೆಂಗಸರ ಕೆಲಸ. ಪಡಸಾಲೆಯ ಕಂಬಕ್ಕೆ ಒರಗಿ ನನ್ನ ಹೆಂಡತಿ ನಾಗಮ್ಮ ವರ್ಷಗಟ್ಟಲೆ ಆ ಕೆಲಸ ಮಾಡಿದಳು. ಸಂಜೆಗೆ ಆಕೆಯ ಮಡಿಲ ತುಂಬ ಬಿಳಿಯ ಪುಡಿ, ಕೊಡವಿ ಎದ್ದರೆ ನೆಲದ ಮೇಲೆ ಸೀರೆಯ ಅಂಚಿನ ಗುರುತು. ಮೌನೇಶನ ಮದುವೆಯಾದ ಮೇಲೆ ಆ ಕಂಬಕ್ಕೆ ಇನ್ನೊಬ್ಬಳು ಬಂದಳು. ಹಿರೇಹಡಗಲಿಯ ಹುಡುಗಿ, ಗಾಡಿಗಾಲಿ ಮಾಡುವವರ ಮಗಳು. ಆಳು ಕುಳ್ಳು, ನಗು ಮಾತ್ರ ಬೀದಿಗೆ ಕೇಳುವಂಥದ್ದು. ಅವ್ವ ಮೊದಲ ದಿನವೇ ‘ಸಣ್ಣಾಕಿ’ ಎಂದಳು, ಎಲ್ಲರಿಗೂ ಅದೇ ಹೆಸರಾಯಿತು. ಹೊಸ ಸೊಸೆ ಬಂದ ಮೊದಲ ಅಮಾವಾಸ್ಯೆಗೆ ನಮ್ಮಲ್ಲಿ ಅರಕ್ಕೆ ಅರಿಸಿಣ ಕುಂಕುಮ ಹಚ್ಚಿ ಆಕೆಯ ಕೈಗೆ ಕೊಡುತ್ತಾರೆ. ಆಕೆ ಒಂದು ಬಳೆಗೆ ಮೆರುಗು ಕೊಟ್ಟು ದೇವರ ಮುಂದಿಡಬೇಕು. ಸಣ್ಣಾಕೆ ಅರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವ್ವನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ.

“ಅತ್ತಿ, ನಮ್ಮೂರಾಗ ಹೊಸಾ ಸೊಸಿಗೆ ಬಳಿ ಇಡಸ್ತಾರ. ನೀವು ನೋಡಿದ್ರ ಬಳಿ ತಿಕ್ಕಸ್ತೀರಲ್ರೀ!”

“ಬಾಯಿ ಭಾಳ ಐತಿ ಈಕಿದು,” ಎಂದಳು ಅವ್ವ, ನಗು ತಡೆದುಕೊಂಡು.

ಗಂಡನ ಅಣ್ಣನಾದ ನನ್ನ ಎದುರು ಆಕೆ ನೇರವಾಗಿ ಮಾತಾಡುವಂತಿರಲಿಲ್ಲ. ಆಗಿನ ರೂಢಿ ಹಾಗಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಕಂಬಕ್ಕೆ, ಕೊಡಕ್ಕೆ, ಕೋಳಿಗೆ ಹೇಳುತ್ತಿದ್ದಳು. “ಎಲಾ ಕಂಬಾ, ರೊಟ್ಟಿ ಆರಿ ಹಪ್ಪಳ ಆಗಾಕತ್ತಾವು. ಸುತ್ತಿಗಿ ಕೆಳಗಿಟ್ಟು ಬರ್ರಿ ಅಂತ ಹೇಳು ಉಣ್ಣೋರಿಗೆ!” ನಾನೂ ಕಂಬಕ್ಕೇ ಉತ್ತರ ಕೊಡುತ್ತಿದ್ದೆ. ನಮ್ಮಿಬ್ಬರ ಈ ಆಟ ನೋಡಿ ನಾಗಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಣ್ಣಾಕೆ ಬಡಿದ ರೊಟ್ಟಿ ಕಾಗದದಷ್ಟು ತೆಳು. ಪುಂಡಿಪಲ್ಯದ ಜೊತೆ ಅಪ್ಪ ಎಣಿಸದೆ ತಿನ್ನುತ್ತಿದ್ದ. ಮನೆ ಆ ಒಂದು ವರ್ಷ ನಕ್ಕಷ್ಟು ಮುಂಚೆಯೂ ನಕ್ಕಿರಲಿಲ್ಲ, ಆಮೇಲೆಯೂ ನಗಲಿಲ್ಲ.

ವರ್ಷ ತುಂಬುವುದರೊಳಗೆ ಆಕೆಯ ಬೆರಳ ಸಂದಿಗಳಲ್ಲಿ ನವೆ ಶುರುವಾಯಿತು. ಮೊದಲು ಸಾಸಿವೆ ಕಾಳಿನಂಥ ನೀರುಗುಳ್ಳೆ, ಆಮೇಲೆ ಚರ್ಮ ಬಿರಿದು ರಸಿಗೆ. ಅವ್ವ ಬೇವು ಅರೆದು ಹಚ್ಚಿದಳು, ಹರಳೆಣ್ಣೆ ಹಚ್ಚಿದಳು. ಯಾವುದಕ್ಕೂ ಬಗ್ಗಲಿಲ್ಲ. ಅಷ್ಟರಲ್ಲಿ ಬಸುರಿಯಾಗಿದ್ದಳು, ಬಾಣಂತನಕ್ಕೆ ತವರಿಗೆ ಹೋದಳು. ಐದು ತಿಂಗಳ ಗಂಡು ಕೂಸನ್ನು ಎತ್ತಿಕೊಂಡು ತಿರುಗಿ ಬಂದಾಗ ಕೈಗಳು ನುಣ್ಣಗೆ ಹೊಸದಾಗಿದ್ದವು. ಅವ್ವ ಬಾಗಿಲಲ್ಲೇ ಆ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣಿಗೊತ್ತಿಕೊಂಡಳು. ಮದುವೆ ದಿನಗಳು ಹತ್ತಿರವಿದ್ದವು, ತಗಡು ಬಂದು ಬಿದ್ದಿತ್ತು, ಸಣ್ಣಾಕೆ ಮರುದಿನವೇ ಕಂಬಕ್ಕೆ ಒರಗಿ ಅರ ಹಿಡಿದಳು. ಹನ್ನೆರಡು ದಿನಕ್ಕೆ ಕೈ ಮತ್ತೆ ಒಡೆದವು.

ಲೋಹದ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಅದೇ ತಗಡು, ಅದೇ ಅರ, ಪಕ್ಕದಲ್ಲೇ ಕೂತ ನಾಗಮ್ಮನ ಕೈಗೆ ಏನೂ ಇಲ್ಲ. ಊರಿನ ಡಾಕ್ಟರು ನೋಡಿ, ಸೋಪಿನ ನೀರಿಗೆ ಕೈ ಹಾಕಬೇಡ ಎಂದು ಹೇಳಿ ಮುಲಾಮು ಕೊಟ್ಟರು. ಏನು ಕೆಲಸ ಮಾಡುತ್ತೀ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅವ್ವ ತನ್ನ ಬುದ್ಧಿಗೆ ತೋಚಿದಂತೆ ತೀರ್ಮಾನ ಮಾಡಿದಳು.

“ಈ ಕೈಲಿ ಹಿಟ್ಟು ಮುಟ್ಟಬ್ಯಾಡವ. ಮುಸುರಿ ತಿಕ್ಕಬ್ಯಾಡ. ಕೂಸಿಗೂ ಎಣ್ಣಿ ನೀರು ನಾಗಿ ಹಾಕ್ತಾಳ. ಎಳೇ ಚರ್ಮ ಅದು, ಅಂಟಿದ್ರ ಏನ್ ಗತಿ? ನಿನಗ ಭಾರದ ಕೆಲಸ ಬ್ಯಾಡ, ಸುಮ್ನ ಕುಂತು ಅರಾ ಹಿಡಿ.”

ಕರುಣೆಯಿಂದ ಹೇಳಿದ ಮಾತು ಅದು. ಅವ್ವನಿಗೆ ಕೆಟ್ಟ ಮನಸ್ಸಿರಲಿಲ್ಲ. ಆ ಮಾತಿನಂತೆ ನೀರು, ಹಿಟ್ಟು, ಕೂಸು ಮೂರೂ ಸಣ್ಣಾಕೆಯ ಕೈ ತಪ್ಪಿದವು. ಬೆಳಗಿನಿಂದ ಸಂಜೆಯವರೆಗೆ ಬಿಳಿಯ ತಗಡೊಂದೇ ಉಳಿಯಿತು. ಮುಂಚೆ ಹೊತ್ತಿಗೊಂದು ತಾಸು ಮಾಡುತ್ತಿದ್ದ ಕೆಲಸವನ್ನು ಈಗ ಇಡೀ ದಿನ ಮಾಡಿದಳು. ಬೇಸಿಗೆ, ಬೆವರಿದ ಅಂಗೈ, ಅದಕ್ಕೆ ಮೆತ್ತಿದ ಪುಡಿ. ಕೂಸಿಗೆ ಹಾಲು ಕುಡಿಸುವಾಗ ನಾಗಮ್ಮನೇ ಕೂಸನ್ನು ಎತ್ತಿ ಆಕೆಯ ಎದೆಗೆ ಹಿಡಿಯುತ್ತಿದ್ದಳಂತೆ. ಸಣ್ಣಾಕೆ ಎರಡು ಕೈಗಳಿಗೂ ಬಟ್ಟೆ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ನಾಗಮ್ಮ. ಆಗಿನ್ನೂ ನನಗೂ ಏನೂ ಗೊತ್ತಿರಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಹದಿನಾಲ್ಕು ವರ್ಷ ಹರಕೆ ಹೊತ್ತು, ಔಷಧಿ ಕುಡಿದು, ಕೊನೆಗೆ ಆ ಮಾತನ್ನೇ ಬಿಟ್ಟಿದ್ದೆವು. ಕೊಟ್ರೇಶ ನಮ್ಮ ಕೋಣೆಗೆ ಬಂದದ್ದು ಹೀಗೆ, ಎರಡು ಸೀರೆ ಮಡಿಸಿ ಮಾಡಿದ ಹಾಸಿಗೆಯ ಸಮೇತ. ಅವನ ತಲೆಯಿಂದ ಬರುತ್ತಿದ್ದ ಹರಳೆಣ್ಣೆ, ಬಜೆ, ಹಾಲಿನ ವಾಸನೆ ಆ ಕೋಣೆಯ ಇದ್ದಿಲ ಕಮಟನ್ನು ಹೊರಗೆ ಅಟ್ಟಿತು. ಮಧ್ಯಾಹ್ನ ಉಂಡು ಒರಗಿದರೆ ನನ್ನ ಎದೆಯ ಮೇಲೆ ಬೋರಲು ಮಲಗಿ ಜೊಲ್ಲು ಸುರಿಸುತ್ತಿದ್ದ. ಎದ್ದರೆ ಅವನಿಗೆ ಎಚ್ಚರವಾದೀತೆಂದು ಗಿರಾಕಿ ಕೂಗಿದರೂ ನಾನು ಏಳುತ್ತಿರಲಿಲ್ಲ. ಹಲ್ಲು ಬರುವಾಗ ಕಚ್ಚಲು ಅವನಿಗೊಂದು ಬೇವಿನ ಕಟ್ಟಿಗೆಯ ಗುಂಡು ಕಡೆದುಕೊಟ್ಟೆ. ಅದಕ್ಕೆ ಲೋಹದ ಬಳೆ ಹಾಕಲಿಲ್ಲ, ಬಾಯಿಗೆ ಹೋಗುವಂಥದ್ದಲ್ಲವೇ. ಒಂದು ದಿನ ನಾಗಮ್ಮನ ಸೆರಗು ಹಿಡಿದು ‘ಅವ್ವ’ ಎಂದ. ನಾಗಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಪಡಸಾಲೆಯಿಂದ ಸಣ್ಣಾಕೆಯ ದನಿ ಕೇಳಿತು.

“ಅಕ್ಕಾ, ಎಲ್ಲಿ ಹೋದ್ಯವ? ನಿನ್ ಮಗಾ ಕರಿಯಾಕತ್ತಾನ ನೋಡು!”

ನಗುತ್ತಲೇ ಹೇಳಿದಳು. ಅರ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮತ್ತೆ ಕರಕರ ಶುರುವಾಯಿತು.

ಮಹಾನವಮಿಗೆ ನಾನು ಮನೆಯ ಇಬ್ಬರು ಸೊಸೆಯರಿಗೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕೀಲಿಯ ಕೊಕ್ಕೆ ಮಾಡಿಕೊಟ್ಟೆ. ಉಳಿದ ಜರ್ಮನ್ ಬೆಳ್ಳಿಯಲ್ಲಿ ಗಿಳಿಯ ಆಕಾರ, ಕಣ್ಣಿಗೆ ತಾಮ್ರದ ಮೊಳೆ. ನಾನು ಮಾಡಿದ ಕೆಲಸಗಳಲ್ಲೇ ಅಂದದ್ದು ಅದು. ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಕೋಣೆಯಲ್ಲಿ ಕೂಸು ಮಲಗಿತ್ತು. ನಾಗಮ್ಮ ಕೂಸಿನ ಅರಿವೆ ಮಡಿಸುತ್ತಿದ್ದಳು.

“ನೋಡ್ರಿ, ಸಣ್ಣಾಕಿ ಸೊಂಟದಾಗ ಗಿಳಿ ಎದ್ದೈತಿ.”

“ಏನ್ ಗಿಳಿ?”

“ನೀವು ಮಾಡಿಕೊಟ್ಟ ಗಿಳಿನ. ಕೈ ನೀರಾಗ ಅದ್ದಬಾರದಲ್ಲ, ನಾನ ಮೈಗೆ ನೀರು ಎರದೆ ಇವತ್ತು. ಆವಾಗ ಕಂಡ್ತು. ಕೊಕ್ಕು, ಬಾಲ ಎಲ್ಲಾ ಹಂಗ ಹಂಗ ಕೆಂಪಗ ಎದ್ದಾವು, ಬರಿ ಎಳದಂಗ. ಅದ ಗುಳ್ಳಿ, ಅದ ರಸಿಗಿ.”

ಕೈಗಿದ್ದದ್ದು ಸೊಂಟಕ್ಕೆ ಬಂದಿದೆ, ಬೇರೆಲ್ಲೂ ಬಂದಿಲ್ಲ, ಕೊಕ್ಕೆ ತಾಗಿದಲ್ಲಿ ಮಾತ್ರ ಬಂದಿದೆ. ತವರಲ್ಲಿ ತಗಡಿರಲಿಲ್ಲ, ಕೈ ವಾಸಿಯಾಗಿದ್ದವು. ಹನ್ನೆರಡು ದಿನ ಅರ ಹಿಡಿದಳು, ಕೈ ಒಡೆದವು. ಎಲ್ಲವೂ ಒಂದೇ ಸಲ ಒಂದರ ಪಕ್ಕ ಒಂದು ಬಂದು ನಿಂತವು. ನಾನು ತಂದ ತಗಡು ಈ ಒಬ್ಬಳ ಮೈಗೆ ಆಗುತ್ತಿಲ್ಲ. ಇಷ್ಟೇ. ಅರ ಬಿಡಿಸಿ ಬೇರೆ ಕೆಲಸ ಕೊಟ್ಟರೆ ಕೈ ವಾಸಿಯಾಗುತ್ತವೆ. ಕೈ ವಾಸಿಯಾದರೆ ಹಿಟ್ಟು ಮುಟ್ಟುತ್ತಾಳೆ. ಮತ್ತೆ ಕೂಸನ್ನು ಎತ್ತಿಕೊಳ್ಳುತ್ತಾಳೆ. ಕೂಸಿನ ಹಾಸಿಗೆ ಅವರ ಕೋಣೆಗೆ ಹೋಗುತ್ತದೆ.

ನಾಗಮ್ಮ ನನ್ನ ಮುಖ ನೋಡಿದಳು. ನಾನು ಕೂಸಿನ ಮುಖ ನೋಡಿದೆ. ಆಕೆಯೂ ಆ ಕಡೆ ತಿರುಗಿದಳು. ಕೂಸು ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು.

“ಅತ್ತಿಯವ್ರಿಗೆ ಹೇಳಬೇಕಲ್ರಿ?” ಎಂದಳು ನಾಗಮ್ಮ, ಬಹಳ ಮೆಲ್ಲಗೆ.

“ಹೇಳೋಣ ತಗ. ಹಬ್ಬ ಆಗ್ಲಿ.”

ಹಬ್ಬ ಆಯಿತು. ಆಕೆ ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ತೀರಿಹೋಗಿರುವ ನಾಗಮ್ಮನ ಮೇಲೆ ಇದರ ಪಾಲು ಹಾಕಲಾರೆ; ಆಕೆ ಬಾಯಿ ಬಿಟ್ಟು ಕೇಳಿದ್ದಳು, ಮುಂದೂಡಿದ್ದು ನಾನು. ನಾನು ಮಾಡಿದ್ದು ಇನ್ನೂ ಒಂದಿದೆ. ಗಿಳಿಯ ಕೊಕ್ಕೆ ಸಡಿಲಾಗಿದೆ, ಸರಿಮಾಡಿಕೊಡುತ್ತೇನೆ ಎಂದು ನಾಗಮ್ಮನ ಕೈಲಿ ಹೇಳಿಸಿ ಅದನ್ನು ವಾಪಸು ತರಿಸಿದೆ. ಕುಲುಮೆಗೆ ಹಾಕಿ ಕರಗಿಸಿದೆ. ಅದರ ಬದಲು ಹಿತ್ತಾಳೆಯ ಕೊಕ್ಕೆ ಮಾಡಿಕೊಟ್ಟೆ. ಸೊಂಟದ ಗಾಯ ಹತ್ತೇ ದಿನದಲ್ಲಿ ಮಾಯಿತು. ಆಮೇಲೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ದಾರಿಯೇ ಉಳಿಯಲಿಲ್ಲ.

ಸಣ್ಣಾಕೆ ದಡ್ಡಿಯಲ್ಲ. ಆಕೆಗೂ ಏನೋ ಹೊಳೆದಿರಬೇಕು. ಕೊಟ್ರೇಶ ಆಗ ಗೋಡೆ ಹಿಡಿದು ನಡೆಯುತ್ತಿದ್ದ. ನಾನು ಪಡಸಾಲೆಯಲ್ಲಿ ಬಳೆಗಳನ್ನು ಆರಿಸುತ್ತಿದ್ದೆ. ಆಕೆ ಕಂಬದ ಆಚೆ ಬದಿಯಲ್ಲಿ ಅರ ಹಾಕುತ್ತಿದ್ದಳು, ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡು. ಕೂಸು ನಮ್ಮಿಬ್ಬರ ನಡುವೆ ನಿಂತಿತ್ತು. ಮದುವೆಯ ಹೊಸತರಲ್ಲಿ ಕಂಬಕ್ಕೆ ಮಾತಾಡುತ್ತಿದ್ದ ಅದೇ ದನಿಯಲ್ಲಿ ಆಕೆ ಕೂಸಿಗೆ ಹೇಳಿದಳು.

“ಲೇ ಕೊಟ್ರ್ಯಾ, ನಿಮ್ ದೊಡ್ಡಪ್ಪನ್ನ ಒಂದು ಮಾತು ಕೇಳು. ಈ ಬಿಳೇ ತಗಡಿನಾಗ ಏನೇನು ಕೂಡಿಸಿರ್ತಾರಂತ? ಮೈಗೆ ಆಗಲಾರದ್ದು ಏನಾರ ಇರ್ತೈತೇನಂತ?”

ಕೂಸು ನನ್ನ ಕಡೆ ತಿರುಗಿ, ಎರಡು ಹಲ್ಲು ತೋರಿಸಿ, ಕೈ ಚಾಚಿಕೊಂಡು ಬಂತು. ಗೋಡೆ ಬಿಟ್ಟು ಅದು ಹಾಕಿದ ಮೊದಲ ಹೆಜ್ಜೆಗಳು ಅವು. ಮೂರು ಹೆಜ್ಜೆ. ಬಂದು ನನ್ನ ತೊಡೆಗೆ ಬಿದ್ದಿತು. ಅದನ್ನು ಎತ್ತಿ ಎದೆಗೆ ಒತ್ತಿಕೊಂಡು, ಅದರ ಕಿವಿಯಲ್ಲಿ ಹೇಳಿದ ಹಾಗೆ ನಾನು ಜೋರಾಗಿ ಹೇಳಿದೆ.

“ತಾಮ್ರ, ಸತು ಅಷ್ಟ ಐತಿ ಅಂತ ಹೇಳಪ್ಪ. ನಿಮ್ ದೊಡ್ಡವ್ವನೂ ಅದನ್ನ ತಿಕ್ಕ್ಯಾಳ ಇಷ್ಟ್ ವರ್ಷ, ಏನಾಗೈತಿ? ಮೈಯಾಗಿನ ನಂಜು ಇರ್ತೈತಿ, ಹೋಗಾಕ ಹೊತ್ತು ಬೇಕು ಅಂತ ಹೇಳು.”

“ಹಂಗೇನು,” ಎಂದಳು ಆಕೆ. ಇಷ್ಟೇ. ಮತ್ತೆ ಅರ ಹಿಡಿದಳು. ನಾನು ಹೇಳಿದ್ದನ್ನು ಆಕೆ ನಂಬಿದಳು. ಲೋಹದ ವಿಷಯದಲ್ಲಿ ಆ ಮನೆಯಲ್ಲಿ ನನ್ನ ಮಾತೇ ಕೊನೆ. ಏಳು ವರ್ಷದ ಹುಡುಗನಿದ್ದಾಗ ಅಪ್ಪ ನಾಲಿಗೆಗೆ ಮುಟ್ಟಿಸಿ ಹೇಳಿಕೊಟ್ಟ ಮೂರು ಹೆಸರುಗಳಲ್ಲಿ ಒಂದನ್ನು, ನಿಕ್ಕಲ್ ಎಂಬುದನ್ನು, ನಾನು ಅವತ್ತು ನುಂಗಿದೆ.

ಮುಂದಿನ ಎರಡು ವರ್ಷ ಆಕೆಯ ಕೈಗಳು ಹಾಗೆಯೇ ಇದ್ದವು. ನಗು ಕಡಿಮೆಯಾಯಿತು. ಕಂಬಕ್ಕೂ ಕೋಳಿಗೂ ಮಾತು ನಿಂತವು. ಪೇಟೆಗೆ ಪ್ಲಾಸ್ಟಿಕ್ ಹಿಡಿಯ ಚಾಕುಗಳು ಬಂದು ನಮ್ಮ ಕೆಲಸವೂ ತಗ್ಗಿತ್ತು. ಮೌನೇಶ ಒಂದು ದಿನ ಉಣ್ಣುತ್ತಾ ಕೂತವನು ರೊಟ್ಟಿ ಬಿಟ್ಟು ನನ್ನ ಕಡೆ ನೋಡಿದ.

“ಅಣ್ಣ, ನಾನು ಹಗರಿಬೊಮ್ಮನಹಳ್ಳಿಗೆ ಹೊಕ್ಕೀನಿ. ಗೇಟು, ಕಿಟಕಿ ವೆಲ್ಡಿಂಗ್ ಮಾಡೋರ ಹತ್ರ ಕೆಲಸ ಐತಿ. ನಿನ್ ಮ್ಯಾಲೆ ಸಿಟ್ಟಲ್ಲ. ಆಕಿ ನಕ್ಕು ಎಷ್ಟು ದಿನ ಆತು ಹೇಳು? ಜಾಗ ಬದಲಾದ್ರ ಮನಸರ ಬದಲಾಗ್ತೈತೇನೋ.”

ಅವರು ಹೊರಟ ಬೆಳಿಗ್ಗೆ ಬಾಗಿಲಲ್ಲಿ ಟ್ರಂಕು, ಎರಡು ಗಂಟು. ಕೊಟ್ರೇಶ ನಾಗಮ್ಮನ ಕಾಲು ತಬ್ಬಿಕೊಂಡು ನಿಂತಿದ್ದ. ಸಣ್ಣಾಕೆ ಮಂಡಿಯೂರಿ ಕೂತು ಬಾ ಎಂದು ಎರಡೂ ಕೈ ಚಾಚಿದಳು. ಚಿಂದಿ ಬಿಚ್ಚಿ, ತೊಳೆದು, ಎಣ್ಣೆ ಸವರಿಕೊಂಡು ಬಂದಿದ್ದಳು. ಹುಡುಗ ಆ ಕೈಗಳನ್ನೇ ನೋಡಿದ.

“ಒಲ್ಲೆ. ನಿನ್ ಕೈ ಚುಚ್ತಾವು.”

ಆಕೆ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ ರೀತಿ ಈಗಲೂ ನನ್ನ ಕಣ್ಣ ಮುಂದಿದೆ. ಬಿಸಿ ಹಂಚಿಗೆ ಕೈ ತಾಗಿದವರು ಹಾಗೆ ತೆಗೆದುಕೊಳ್ಳುತ್ತಾರೆ. ಮೌನೇಶ ಮಗನನ್ನು ಎತ್ತಿಕೊಳ್ಳಲು ಹೋದ, ಆಕೆಯೇ ತಡೆದಳು.

“ಬ್ಯಾಡ, ಅಳಸಬ್ಯಾಡ್ರಿ. ಅಕ್ಕಾ, ಇರ್ಲಿ ನಿನ್ ಹತ್ರ. ಬಾಡಿಗಿ ಕ್ವಾಣಿ ಹಿಡಿದು, ಒಲಿ ಹೂಡಿ, ಕೈ ಆರಾಮಾದ ಮ್ಯಾಲೆ ಬಂದು ಕರಕೊಂಡು ಹೊಕ್ಕೀನಿ.”

ಅಲ್ಲಿ ಅರವಿರಲಿಲ್ಲ, ತಗಡಿರಲಿಲ್ಲ. ಒಂದೂವರೆ ತಿಂಗಳಲ್ಲಿ ಕೈ ವಾಸಿಯಾದವು. ಯುಗಾದಿಗೆ ಬಂದವಳು ಸೀರೆಯ ಪರದೆ ಸರಿಸಿ ಒಳಗೆ ಬಂದು, ಅವ್ವ ಕೇಳುವ ಮುಂಚೆಯೇ ಕೈ ತಿರುಗಿಸಿ ತೋರಿಸಿದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು, ಹಿಟ್ಟಿನ ಪರಾತವನ್ನು ಆಕೆಯ ಮುಂದೆ ಸರಿಸಿದಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕಾಗದದಂಥ ರೊಟ್ಟಿ ಬಡಿಯುವ ಸದ್ದು ಕೇಳಿತು.

“ಅಲ್ಲಿ ನೀರು ಹೊಂದ್ಯಾವಕ್ಕಾ ನನಗ,” ಎಂದಳು ನಾಗಮ್ಮನಿಗೆ. ನಾಗಮ್ಮ ಒಲೆಯ ಕಡೆ ತಿರುಗಿ ಕೂತಿದ್ದಳು. ನಾನು ತಾಟಿನ ಮುಂದೆ ಕೂತಿದ್ದೆ. ಸಣ್ಣಾಕೆ ಕೊಟ್ರೇಶನನ್ನು ಕರೆದು ಅವನ ಕೆನ್ನೆಗೆ ಅಂಗೈ ಇಟ್ಟಳು. “ನೋಡಲೇ, ಈಗ ಚುಚ್ಚಂಗಿಲ್ಲ.” ಅವನು ಆ ಕೈ ಮುಟ್ಟಿ ನೋಡಿದ, ಹೌದೆಂದು ತಲೆಯಾಡಿಸಿದ, ಆಮೇಲೆ ಓಡಿಹೋಗಿ ನಾಗಮ್ಮನ ಮಡಿಲಲ್ಲಿ ಕೂತ. ಸಣ್ಣಾಕೆಯನ್ನು ಅವನು ಕರೆಯುತ್ತಿದ್ದದ್ದು ‘ಸಣ್ಣವ್ವ’ ಎಂದು. ಆ ಸಲವೂ ಹೋಗಲಿಲ್ಲ, ದಸರೆಗೂ ಹೋಗಲಿಲ್ಲ. ಎಳೆದುಕೊಂಡು ಹೋದರೆ ಅತ್ತು ಜ್ವರ ಬರಿಸಿಕೊಂಡ, ನಾಲ್ಕೇ ದಿನಕ್ಕೆ ಮೌನೇಶ ತಿರುಗಿ ತಂದುಬಿಟ್ಟ. ಅವನು ಬಂದ ದಿನ ನಾನು ಬೀದಿಯಲ್ಲೇ ಅವನನ್ನು ಎತ್ತಿಕೊಂಡು ಕುಣಿದೆ. ಆ ಸಂತೋಷ ಸುಳ್ಳಲ್ಲ. ಅವನ ಮೇಲೆ ನಮಗಿದ್ದ ಪ್ರೀತಿಯೂ ಸುಳ್ಳಲ್ಲ. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಶಾಲೆಗೆ ಹೆಸರು ಹಚ್ಚುವ ದಿನ ಸಣ್ಣಾಕೆ ಬೆಳಗಿನ ಬಸ್ಸಿಗೇ ಬಂದಳು, ನೀಲಿ ಬಣ್ಣದ ಹೊಸ ಪಾಟಿಚೀಲ ತೆಗೆದುಕೊಂಡು. ಮೌನೇಶನಿಗೆ ಕೆಲಸ ಬಿಟ್ಟು ಬರಲು ಆಗಿರಲಿಲ್ಲ. ಮಾಸ್ತರರ ಮೇಜಿನ ಮುಂದೆ ನಾನು, ನಾಗಮ್ಮ, ನಡುವೆ ಹುಡುಗ. ಸಣ್ಣಾಕೆ ನನ್ನ ಸಮಕ್ಕೆ ನಿಲ್ಲಬಾರದೆಂದು ಬಾಗಿಲ ಹತ್ತಿರವೇ ನಿಂತಳು. ಮಾಸ್ತರರು ಹೆಸರು ಕೇಳಿದರು, ಹುಟ್ಟಿದ ದಿನ ಕೇಳಿದರು, ತಂದೆಯ ಹೆಸರು ಕೇಳಿದರು. ನಾನು ಹೇಳಿದೆ, ಮೌನೇಶ ಎಂದು. ಆಮೇಲೆ ಅವರು ನಗುತ್ತಾ ಹುಡುಗನ ಗಲ್ಲ ಹಿಡಿದರು.

“ನಿಮ್ಮವ್ವನ ಹೆಸರು ನೀನ ಹೇಳಪ್ಪ, ನೋಡೋಣ.”

“ನಾಗಮ್ಮರಿ!” ಎಂದ ಕೊಟ್ರೇಶ, ಶಾಲೆಯೆಲ್ಲ ಕೇಳುವ ಹಾಗೆ.

“ರೀ…” ಎಂದು ನಾಗಮ್ಮ ನನ್ನ ತೋಳು ಮುಟ್ಟಿದಳು. ಮಾಸ್ತರರು ಪೆನ್ನು ಎತ್ತಿ ನನ್ನ ಕಡೆ ನೋಡಿದರು.

“ಬರಕೊಳ್ಳೇನ್ರಿ?”

ನಾನು ಬಾಗಿಲ ಕಡೆ ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗನ ಬೆನ್ನನ್ನು ನೋಡುತ್ತಿದ್ದಳು. ಆಗ ತಿದ್ದಲು ಒಂದು ಮಾತು ಸಾಕಿತ್ತು.

“ಹ್ಞೂಂ, ಬರಕೋರಿ,” ಎಂದೆ.

ಹೊರಗೆ ಬಂದ ಮೇಲೆ ಆಕೆ ಚೀಲವನ್ನು ಅವನ ಹೆಗಲಿಗೆ ಹಾಕಿದಳು. ಭಾರ ಆಗ್ತೈತೇನೋ ಎಂದು ಕೇಳಿದಳು. ಇಲ್ಲ ಸಣ್ಣವ್ವ ಎಂದು ಅವನು ಓಡಿದ. ಆಕೆ ನನ್ನನ್ನು ಏನೂ ಕೇಳಲಿಲ್ಲ, ಯಾವತ್ತೂ ಕೇಳಿಲ್ಲ. ನಾಗಮ್ಮ ತೀರಿಕೊಂಡಾಗ ಹದಿಮೂರು ದಿನ ನಮ್ಮ ಮನೆಯಲ್ಲಿದ್ದು ಅಡಿಗೆ ಮಾಡಿ ಹಾಕಿದಳು. ಈಗಲೂ ಹಗರಿಬೊಮ್ಮನಹಳ್ಳಿಯಲ್ಲಿದ್ದಾಳೆ. ಹೋದರೆ ಬಿಸಿ ರೊಟ್ಟಿ ಹಾಕುತ್ತಾಳೆ, ನಾನು ತಲೆ ತಗ್ಗಿಸಿ ತಿಂದು ಬರುತ್ತೇನೆ. ಕ್ಷಮಿಸು ಎಂಬ ಮಾತು ಪ್ರತಿ ಸಲವೂ ಬಸ್ಸಿನಲ್ಲಿ ನನ್ನ ಜೊತೆ ಹೋಗಿ, ನನ್ನ ಜೊತೆಯೇ ತಿರುಗಿ ಬಂದಿದೆ.

ಕೊಟ್ರೇಶ, ನೀನು ಇಲ್ಲಿಯವರೆಗೆ ಓದಿದ್ದೀಯ ಎಂದುಕೊಳ್ಳುತ್ತೇನೆ. ಆ ದಿನ ಮಾಸ್ತರರು ಕೇಳಿದ್ದು ನಿನ್ನನ್ನಾದರೂ, ಸರಿಯಾದ ಉತ್ತರ ಹೇಳಬೇಕಾದವನು ನಾನಾಗಿದ್ದೆ. ನಿನ್ನ ಅವ್ವನ ಹೆಸರು ಹಾಲಮ್ಮ.